ಪೆಟಗಿ ಸತ್ತಿಲ್ರಿ, ಹಸದೈತಿ

ಕಬ್ಬು ಕಡಿಯುವ ಕಾಲದಲ್ಲಿ ಚಿಕ್ಕೋಡಿ ಸೀಮೆಯಲ್ಲಿ ಕಾರು ಓಡಿಸುವವರಿಗೆ ತಾಳ್ಮೆ ಬೇಕು. ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೈಲರ್, ಅವುಗಳ ಮೇಲೆ ಆಕಾಶಕ್ಕೆ ಮುಟ್ಟುವಂತೆ ಹೇರಿದ ಕಬ್ಬು. ಅಂಥದೊಂದು ಸಾಲಿನ ಹಿಂದೆ ತೆವಳುತ್ತ ಕರೋಶಿಯ ಬೀಗರ ಮನೆಗೆ ಹೋಗಿದ್ದಾಗ ನನ್ನ ಹಳೆಯ ಪೆಟ್ರೋಲ್ ಕಾರು ಅಂಗಳದಲ್ಲಿ ನಿಂತದ್ದು ನಿಂತೇಬಿಟ್ಟಿತು. ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ.

ಅದಕ್ಕೆ ಹದಿನೈದು ದಿನ ಮೊದಲೇ ಸೂಚನೆ ಸಿಕ್ಕಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆಗಾಗ ಹತ್ತಿ ಆರುತ್ತಿತ್ತು. ನಗರದ ಒಂದು ಸೇವಾ ಕೇಂದ್ರದಲ್ಲಿ ತೋರಿಸಿದಾಗ, ಎರಡು ಸೆನ್ಸರುಗಳು ಕೆಟ್ಟಿವೆ ಎಂದು ಅವೆರಡನ್ನೂ ಬದಲಿಸಿ ಬಿಲ್ಲು ಕೊಟ್ಟಿದ್ದರು. ಈಗ ಕರೋಶಿಗೆ ಅವರ ಹುಡುಗನೇ ಸ್ಕ್ಯಾನರ್ ಹಿಡಿದು ಬಂದ. ಯಂತ್ರವನ್ನು ಜೋಡಿಸಿದ. ಕಾರಿನ ಒಳಗಿಂದ ಉತ್ತರವೇ ಇಲ್ಲ. ‘ಇಸಿಎಂ ಹೋಗಿದೆ ಸರ್. ಹೊಸದು ತರಿಸಬೇಕು. ಇಪ್ಪತ್ತೆಂಟು ಸಾವಿರ ಆಗುತ್ತದೆ, ಎರಡು ವಾರ ಬೇಕು’ ಎಂದ. ಕಾರಿನ ಆಗಿನ ಬೆಲೆಯಲ್ಲಿ ಅದು ಕಾಲು ಭಾಗ.

ಬೀಗರು ಊರಿನ ಮಿಸ್ತ್ರಿಯನ್ನು ಕರೆಸಿದರು. ವಯಸ್ಸು ಅರವತ್ತರ ಹತ್ತಿರ, ಕೈಯಲ್ಲಿ ಒಂದು ಮಲ್ಟಿಮೀಟರ್, ಕಿಸೆಯಲ್ಲಿ ಇನ್ಸುಲೇಶನ್ ಟೇಪು. ಕಾರಿನ ಬಾನೆಟ್ ಎತ್ತುವ ಮೊದಲು ಅವರು ಕೇಳಿದ್ದು ಹಳೆಯ ಬಿಲ್ಲನ್ನು. ಓದಿ ನಕ್ಕರು. ‘ಎರಡೂ ಸೆನ್ಸರ್ ಒಂದ ದಿನಾ ಸಾಯಂಗಿಲ್ರಿ ಸಾಹೇಬ್ರ. ಎರಡಕ್ಕೂ ಅನ್ನ ಹಾಕಾಂವ ಒಬ್ಬನ ಇರತಾನ. ಮೊದಲ ಅವನ್ನ ನೋಡೂಣು’ ಎಂದರು.

ಈ ‘ಅನ್ನ ಹಾಕುವವ’ ಎಂದರೆ ಏನೆಂದು ತಿಳಿಯಲು ಕಾರಿನೊಳಗೆ ಈ ಪೆಟ್ಟಿಗೆ ಏಕೆ ಬಂತು, ಹೇಗೆ ಬಂತು ಎಂಬ ಕತೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಬೆಳಗಾವಿ ಜಿಲ್ಲೆಗೂ ಬೆಂಗಳೂರಿಗೂ ಅದರಲ್ಲಿ ಪಾಲಿದೆ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಕಾರಿನಲ್ಲಿ ಯೋಚಿಸುವ ಭಾಗವೆಂಬುದು ಇರಲಿಲ್ಲ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕೆಲಸ ಕಾರ್ಬೊರೇಟರಿನದು. ಕಿಡಿ ಯಾವಾಗ ಹಾರಬೇಕೆಂಬುದನ್ನು ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ನೋಡಿಕೊಳ್ಳುತ್ತಿದ್ದವು. ಪಾಯಿಂಟಿನ ಸಂದು ಹೆಚ್ಚುಕಡಿಮೆ 0.4 ಮಿಲಿಮೀಟರ್ ಇರಬೇಕು. ಮಿಸ್ತ್ರಿ ಫೀಲರ್ ಗೇಜ್ ಇಟ್ಟು ನೋಡುತ್ತಿದ್ದ, ಅದಿಲ್ಲದಿದ್ದರೆ ಅಂದಾಜಿನಲ್ಲಿ. ಹೊಗೆಯ ಬಣ್ಣ, ಪ್ಲಗ್ಗಿನ ತುದಿಯ ಮಸಿ, ಎಂಜಿನ್ನಿನ ಸದ್ದು ಇವೇ ಅವನ ನಾಡಿಪರೀಕ್ಷೆ. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು, ಕಿವಿಗೆ ಕೇಳುತ್ತಿತ್ತು.

ಈ ವ್ಯವಸ್ಥೆಗೆ ಕುತ್ತು ಬಂದದ್ದು ಹೊಗೆಯಿಂದ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಅದು ಹುಟ್ಟುವುದು ಮುಖ್ಯವಾಗಿ ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ಎಂಬುದನ್ನು 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟ. ಆಮೇಲೆ ಕ್ಯಾಲಿಫೋರ್ನಿಯ ಕಟ್ಟಳೆಗಳನ್ನು ತಂದಿತು. 1970ರಲ್ಲಿ ಇಡೀ ಅಮೆರಿಕಕ್ಕೆ ಕಟ್ಟುನಿಟ್ಟಾದ ಶುದ್ಧ ಗಾಳಿಯ ಕಾಯಿದೆ ಬಂತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದದ್ದರಿಂದ ಪೆಟ್ರೋಲ್ ಉಳಿಸುವ ಚಿಂತೆಯೂ ಸೇರಿಕೊಂಡಿತು. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ, ಅದೂ ತೂಕದ ಲೆಕ್ಕದಲ್ಲಿ, ಸದಾಕಾಲ ಇರಬೇಕು. ಚಳಿ, ಸೆಕೆ, ಏರು, ಇಳಿಜಾರು ಎನ್ನದೆ ಈ ಲೆಕ್ಕ ಹಿಡಿಯುವುದು ಕಾರ್ಬೊರೇಟರಿನ ಕೈಯಲ್ಲಾಗದ ಕೆಲಸ.

ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೊದಲ ಪ್ರಯೋಗ ಇದಕ್ಕಿಂತ ಹಳೆಯದು, ಅದು ಸೋತದ್ದೂ ಅಷ್ಟೇ ಬೇಗ. ಬೆಂಡಿಕ್ಸ್ ಕಂಪನಿ ‘ಎಲೆಕ್ಟ್ರೋಜೆಕ್ಟರ್’ ಎಂಬ ಸಾಧನವನ್ನು ತಯಾರಿಸಿತು. ಕ್ರೈಸ್ಲರ್ ಕಂಪನಿ 1958ರ ಮಾದರಿಯ ಕೆಲವೇ ಕೆಲವು ಕಾರುಗಳಿಗೆ ಅದನ್ನು ಕೂರಿಸಿತು. ಅಂದಿನ ಬಿಡಿಭಾಗಗಳು ಎಂಜಿನ್ನಿನ ಕಾವು, ಅದುರುವಿಕೆಗಳನ್ನು ತಾಳಲಿಲ್ಲ. ಬಹುಪಾಲು ಕಾರುಗಳಿಂದ ಆ ಸಾಧನವನ್ನು ಕಿತ್ತು ಮತ್ತೆ ಕಾರ್ಬೊರೇಟರನ್ನೇ ಹಾಕಿಕೊಟ್ಟರು. ಕಾರಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೊತ್ತಮೊದಲ ದೊಡ್ಡ ರಿಪೇರಿ ಅದನ್ನು ಕಿತ್ತೆಸೆಯುವುದೇ ಆಗಿತ್ತು ಎಂದು ಮಿಸ್ತ್ರಿಗಳು ಸಮಾಧಾನ ಪಟ್ಟುಕೊಳ್ಳಬಹುದು.

ಬೆಂಡಿಕ್ಸಿನ ಪೇಟೆಂಟುಗಳ ನೆರವು ಪಡೆದು ಅದೇ ವಿಚಾರವನ್ನು ಮುಂದೊಯ್ದದ್ದು ಜರ್ಮನಿಯ ಬಾಷ್ ಕಂಪನಿ. ರಾಬರ್ಟ್ ಬಾಷ್ 1886ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ತೆರೆದದ್ದು ಒಂದು ಸಣ್ಣ ಕಾರ್ಯಾಗಾರ. ಕಿಡಿ ಹೊಡೆಯುವ ಮ್ಯಾಗ್ನೆಟೋ ಅದಕ್ಕೆ ಹೆಸರು ತಂದಿತು. 1967ರಲ್ಲಿ ಬಾಷ್‌ನ ಡಿ-ಜೆಟ್ರಾನಿಕ್ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಕಾಣಿಸಿಕೊಂಡಿತು. 1976ರಲ್ಲಿ ಹೊಗೆಕೊಳವೆಯೊಳಗಿನ ಆಮ್ಲಜನಕವನ್ನು ಅಳೆಯುವ ಲ್ಯಾಮ್ಡಾ ಸೆನ್ಸರ್ ವೋಲ್ವೋ ಕಾರಿಗೆ ಬಂತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನ ‘ಮೋಟ್ರಾನಿಕ್’ ಪೆಟ್ಟಿಗೆ ಪೆಟ್ರೋಲನ್ನೂ ಕಿಡಿಯನ್ನೂ ಒಂದೇ ಕಂಪ್ಯೂಟರಿನ ಕೆಳಗೆ ತಂದಿತು. ಇಂದಿನ ಇಸಿಎಂ, ಅಂದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲ್, ಇದೇ ವಂಶದ್ದು.

ಇತ್ತ ನಮ್ಮಲ್ಲಿ ಬಾಷ್ ಎಂಬ ಹೆಸರಿಗಿಂತ ‘ಮೈಕೊ’ ಎಂಬುದೇ ಮನೆಮಾತು. ಮೋಟಾರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲಿ ಆರಂಭವಾಯಿತು. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಿಂದ ಹೊರಬಿದ್ದ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳು ದೇಶದ ಲಾರಿ, ಟ್ರ್ಯಾಕ್ಟರುಗಳೊಳಗೆ ಸೇರಿಹೋದವು. ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದದ್ದು 2008ರಲ್ಲಿ. ನಿಪ್ಪಾಣಿಯಿಂದ ತಂಬಾಕು, ರಾಯಬಾಗ, ಅಥಣಿ ಕಡೆಗಳಿಂದ ಕಬ್ಬು ಹೊತ್ತ ಗಾಡಿಗಳು ದಶಕಗಳ ಕಾಲ ಓಡಿದ್ದು ಅಂಥ ಪಂಪುಗಳ ಬಲದ ಮೇಲೆ. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಗರಿಷ್ಠ ಡೀಸೆಲ್ ಎಷ್ಟು ಹೋಗಬೇಕೆಂದು ಗೊತ್ತುಮಾಡುವ ಪಂಪಿನ ತಿರುಪಿಗೆ ಸೀಸದ ಮುದ್ರೆ ಒತ್ತಿರುತ್ತಿತ್ತು. ಅದನ್ನು ಒಡೆಯುವ ಅಧಿಕಾರ ಕಂಪನಿ ಒಪ್ಪಿದ ಪಂಪ್ ಅಂಗಡಿಗಳಿಗೆ ಮಾತ್ರ. ‘ಇದನ್ನು ನೀನು ಮುಟ್ಟಬೇಡ’ ಎಂಬ ಮಾತು ಮಿಸ್ತ್ರಿಗೆ ಇಸಿಎಂ ಜೊತೆ ಹೊಸದಾಗಿ ಬಂದದ್ದಲ್ಲ. ವ್ಯತ್ಯಾಸವಿಷ್ಟೇ: ಮುದ್ರೆಯ ಹಿಂದೆ ಏನಿದೆಯೆಂದು ಅಂದು ಅವನಿಗೆ ಗೊತ್ತಿತ್ತು.

ಭಾರತಕ್ಕೆ ಪೆಟ್ಟಿಗೆ ಬಂದದ್ದು ನ್ಯಾಯಾಲಯದ ಮೂಲಕ ಎನ್ನಬಹುದು. ದೆಹಲಿಯ ಗಾಳಿಯ ಕುರಿತು ವಕೀಲ ಎಂ. ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. ಆ ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂತು; ಸೀಸ ತಗುಲಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವುದರಿಂದ ಇದು ಮೊದಲ ಮೆಟ್ಟಿಲು. 1999ರ ಏಪ್ರಿಲ್ 29ರಂದು ಕೋರ್ಟು ರಾಜಧಾನಿ ವಲಯದಲ್ಲಿ ಅದೇ ಜೂನ್ 1ರಿಂದ ಯೂರೋ-1, ಮುಂದಿನ ಏಪ್ರಿಲ್‌ನಿಂದ ಯೂರೋ-2 ಮಟ್ಟ ಮುಟ್ಟದ ಖಾಸಗಿ ಕಾರುಗಳನ್ನು ನೋಂದಾಯಿಸಕೂಡದೆಂದು ಆಜ್ಞೆ ಮಾಡಿತು. ಹ್ಯುಂಡೈ ಸ್ಯಾಂಟ್ರೋ 1998ರಲ್ಲಿ ಬರುವಾಗಲೇ ಎಂಪಿಎಫ್ಐ ಎಂಜಿನ್ ಹೊತ್ತು ಬಂದಿತ್ತು. ಈ ಆಜ್ಞೆಯ ನಂತರ ಮಾರುತಿಯೂ ಒಂದರ ಹಿಂದೊಂದರಂತೆ ತನ್ನ ಕಾರುಗಳಿಂದ ಕಾರ್ಬೊರೇಟರನ್ನು ಇಳಿಸಿತು. ಕಾರಿನ ಬೆನ್ನ ಮೇಲೆ ‘ಎಂಪಿಎಫ್ಐ’ ಎಂಬ ಅಕ್ಷರಗಳು ಆಭರಣದಂತೆ ಮೆರೆದ ಕಾಲವದು. ಆ ನಾಲ್ಕಕ್ಷರದ ಅರ್ಥವೇನೆಂದು ಮಾರುವವರಿಗೂ ಕೊಳ್ಳುವವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇಟ್ಟು, ಅದನ್ನು ಎಷ್ಟು ಮಿಲಿಸೆಕೆಂಡು ತೆರೆಯಬೇಕೆಂದು ಪೆಟ್ಟಿಗೆಯೇ ನಿರ್ಧರಿಸುವ ಏರ್ಪಾಡು ಎಂಬುದು ಅದರ ಅರ್ಥ.

ಅದೇ ಹೊತ್ತಿನಲ್ಲಿ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಅಲ್ಲಿಂದ ಕ್ವಾಲಿಸ್ 2000ದ ಆರಂಭದಲ್ಲಿ ರಸ್ತೆಗಿಳಿಯಿತು. ಆ ಹೆಸರಿನ ಎರಡನೆಯ ಭಾಗ ನಮ್ಮ ಬೆಳಗಾವಿ ಜಿಲ್ಲೆಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸಹೋದರರೊಡನೆ ಬೆಳಗಾವಿಯಲ್ಲಿ ಶುರುಮಾಡಿದ್ದು ಒಂದು ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಬಂದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಅಂಜಿ, ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದವಂತೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನ ಕರೆದು ನೆಲ ಕೊಟ್ಟಿತು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹಾಗೆ. ಬಿಚ್ಚಿ ನೋಡು, ಅಳತೆ ತೆಗೆದುಕೋ, ನೀನೇ ಮಾಡು ಎಂಬ ವಿದ್ಯೆ ಈ ಸೀಮೆಗೆ ಹೊಸದಲ್ಲ ಎನ್ನುವುದಕ್ಕಾಗಿ ಇಷ್ಟು ಹೇಳಿದೆ. ಬೆಳಗಾವಿಯ ಫೌಂಡ್ರಿಗಳೂ ಗಡಿಯಾಚೆಯ ಕೊಲ್ಹಾಪುರದ ಎರಕದ ಕಾರ್ಖಾನೆಗಳೂ ಅದೇ ವಿದ್ಯೆಯ ಮೇಲೆ ನಿಂತಿವೆ. ಕರೋಶಿಯ ಮಿಸ್ತ್ರಿ ಕೆಲಸ ಕಲಿತದ್ದು ಕೊಲ್ಹಾಪುರದ ಒಂದು ಗ್ಯಾರೇಜಿನಲ್ಲಿ. ಅವರ ಬಾಯಲ್ಲಿ ಸ್ಪ್ಯಾನರು ಇಂದಿಗೂ ‘ಪಾನಾ’.

ಈಗ ಕಾರಿಗೆ ಮರಳೋಣ.

ಮಿಸ್ತ್ರಿ ಮೊದಲು ಬ್ಯಾಟರಿಯನ್ನು ಅಳೆದರು. ಸುಮ್ಮನಿದ್ದಾಗ ಹನ್ನೆರಡೂವರೆ ವೋಲ್ಟು. ನನ್ನನ್ನು ಒಳಗೆ ಕೂರಿಸಿ ಸೆಲ್ಫ್ ಹೊಡೆಯಲು ಹೇಳಿ ಮತ್ತೆ ಅಳೆದರು, ಹತ್ತಕ್ಕಿಂತ ಕೆಳಗಿಳಿಯಲಿಲ್ಲ. ಈ ಎರಡನೆಯ ಅಳತೆಯೇ ಮುಖ್ಯ. ಸೆಲ್ಫ್ ತಿರುಗುವಾಗ ವೋಲ್ಟೇಜು ಒಂಬತ್ತರ ಸುತ್ತ ಕುಸಿದರೆ ಪೆಟ್ಟಿಗೆಗೆ ತಲೆಸುತ್ತು ಬರುತ್ತದೆ, ಬ್ಯಾಟರಿಯ ತಪ್ಪಿಗೆ ಇಸಿಎಂ ಶಿಕ್ಷೆ ಅನುಭವಿಸುತ್ತದೆ. ಆಮೇಲೆ ಫ್ಯೂಜು, ಮುಖ್ಯ ರಿಲೇ. ಕೀಲಿ ತಿರುಗಿಸಿದಾಗ ಪೆಟ್ಟಿಗೆಯ ಕಪ್ಲರಿಗೆ ಹನ್ನೆರಡು ವೋಲ್ಟು ಬರುತ್ತಿದೆಯೇ? ಬರುತ್ತಿತ್ತು.

ಬಂದ ವಿದ್ಯುತ್ತು ಮರಳಿ ಹೋಗುವ ದಾರಿ ಅಷ್ಟೇ ಮುಖ್ಯ. ಇದನ್ನು ಗ್ಯಾರೇಜಿನವರು ಅರ್ಥಿಂಗ್ ಎನ್ನುತ್ತಾರೆ. ಅದು ಕೆಟ್ಟರೆ ಪೆಟ್ಟಿಗೆ ಹೇಳುವುದಕ್ಕೆಲ್ಲ ಅರ್ಥವೇ ಕೆಡುತ್ತದೆ ಎಂದು ನಾವು ಕನ್ನಡದವರು ಧಾರಾಳವಾಗಿ ಹೇಳಬಹುದು. ಇದನ್ನು ಪರೀಕ್ಷಿಸುವಾಗ ಬಹಳ ಜನ ಎಡವುತ್ತಾರೆ. ವೈರು ಕಿತ್ತು, ಮೀಟರಿಗೆ ಹಚ್ಚಿ, ‘ಟುಂಯ್’ ಎಂದರೆ ಸರಿಯಿದೆ ಎಂದುಬಿಡುತ್ತಾರೆ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದುಹೋದ ವೈರಿಗೂ ಮೀಟರು ‘ಟುಂಯ್’ ಎನ್ನುತ್ತದೆ. ಕೆಲಸದ ಹೊರೆ ಬಿದ್ದಾಗ ಆ ಒಂದೆಳೆ ಸೋಲುತ್ತದೆ. ಆದ್ದರಿಂದ ಸೆಲ್ಫ್ ತಿರುಗುವಾಗ, ದೀಪಗಳು ಉರಿಯುವಾಗ, ಬ್ಯಾಟರಿಯ ಮೈನಸ್ ತುದಿಗೂ ಪೆಟ್ಟಿಗೆಯ ಅರ್ಥಿಂಗ್ ವೈರಿಗೂ ನಡುವೆ ಎಷ್ಟು ವೋಲ್ಟು ಸೋರುತ್ತಿದೆಯೆಂದು ನೋಡಬೇಕು. 0.1, 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಅರ್ಧ, ಮುಕ್ಕಾಲು ವೋಲ್ಟು ಬಂದರೆ ಎಲ್ಲೋ ಒಂದು ಬೋಲ್ಟಿನ ಕೆಳಗೆ ತುಕ್ಕಿದೆ ಎಂದೇ ಲೆಕ್ಕ. ನನ್ನ ಕಾರಿನಲ್ಲಿ ಅದೂ ಸರಿಯಾಗಿತ್ತು.

‘ಹಂಗಾದ್ರ ಮನಿಗೆ ಅಕ್ಕಿ ಬರಾಕತ್ತೈತಿ. ಒಳಗ ಅನ್ನ ಆಗವಲ್ದು’ ಎಂದರು ಮಿಸ್ತ್ರಿ.

ಇದೇ ಅವರು ಮೊದಲು ಹೇಳಿದ ‘ಅನ್ನ ಹಾಕುವವ’. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಪೆಟ್ಟಿಗೆ ಒಳಗೆ ಇಳಿಸಿ, ಹದಮಾಡಿ, ಕರಾರುವಾಕ್ಕಾದ ಐದು ವೋಲ್ಟು ಮಾಡುತ್ತದೆ. ಅದೇ ಐದು ವೋಲ್ಟಿನಲ್ಲಿ ಒಂದು ಪಾಲನ್ನು ಥ್ರಾಟಲ್ ಸೆನ್ಸರಿಗೆ, ಗಾಳಿಯ ಒತ್ತಡದ ಸೆನ್ಸರಿಗೆ ಮತ್ತಿತರವುಗಳಿಗೆ ಹೊರಗೆ ಕಳಿಸುತ್ತದೆ. ಅವು ಅದರಲ್ಲಿ ಒಂದು ಭಾಗವನ್ನು ಮರಳಿಸಿ, ‘ಕಾಲು ಇಷ್ಟು ಒತ್ತಿದೆ, ಗಾಳಿ ಇಷ್ಟು ಬಂದಿದೆ’ ಎಂದು ತಿಳಿಸುತ್ತವೆ. ಐದು ವೋಲ್ಟಿನ ಈ ತಂತಿ ಎಲ್ಲಾದರೂ ಕಾರಿನ ಮೈಗೆ ತಗುಲಿದರೆ ಎಲ್ಲ ಸೆನ್ಸರುಗಳೂ ಒಟ್ಟಿಗೇ ಮಂಕಾಗುತ್ತವೆ. ಕೆಲವು ಗಾಡಿಗಳಲ್ಲಿ ಪೆಟ್ಟಿಗೆಯ ಮಿದುಳೂ ಅದೇ ಮೂಲದಿಂದ ಉಣ್ಣುವುದರಿಂದ ಅದೂ ಮೂರ್ಛೆ ಹೋಗುತ್ತದೆ. ಆಗ ಸ್ಕ್ಯಾನರಿಗೆ ಉತ್ತರ ಕೊಡುವವರು ಯಾರು?

ಥ್ರಾಟಲ್ ಸೆನ್ಸರಿನ ಕಪ್ಲರ್ ಬಿಚ್ಚಿ ಅಳೆದಾಗ ಐದು ವೋಲ್ಟು ಇರಬೇಕಾದಲ್ಲಿ ಸಿಕ್ಕಿದ್ದು 0.3. ಉಳಿದ ಸೆನ್ಸರುಗಳನ್ನೂ ಒಂದೊಂದಾಗಿ ಬಿಚ್ಚುತ್ತ ಹೋದರು. ಸೆನ್ಸರೇ ಒಳಗೆ ಸುಟ್ಟು ಕೂಡಿಕೊಂಡಿದ್ದರೆ ಅದನ್ನು ಬಿಚ್ಚಿದ ಕೂಡಲೇ ಐದು ವೋಲ್ಟು ಮರಳಬೇಕು. ಎಲ್ಲವನ್ನೂ ಬಿಚ್ಚಿದರೂ ಮೀಟರು 0.3 ಬಿಟ್ಟು ಏಳಲಿಲ್ಲ. ಹಾಗಿದ್ದರೆ ತಪ್ಪು ಸೆನ್ಸರುಗಳಲ್ಲಿಲ್ಲ. ಉಳಿದದ್ದು ಎರಡೇ: ಪೆಟ್ಟಿಗೆ, ಇಲ್ಲವೇ ನಡುವಿನ ವೈರು. ಪೆಟ್ಟಿಗೆಯ ಕಪ್ಲರಿನಿಂದ ಆ ಒಂದು ವೈರಿನ ಪಿನ್ನನ್ನು ಸೂಜಿಯಂಥ ಸಲಕರಣೆಯಿಂದ ಹೊರಗೆಳೆದು, ಪಿನ್ ಇದ್ದ ಮನೆಯಲ್ಲೇ ಅಳೆದರು. ಮೀಟರಿನಲ್ಲಿ 5.0 ಮೂಡಿತು.

‘ಪೆಟಗಿ ಸತ್ತಿಲ್ರಿ, ಹಸದೈತಿ’ ಎಂದರು.

ವೈರನ್ನು ಹುಡುಕುತ್ತ ಹೋದಾಗ, ಏರ್ ಫಿಲ್ಟರಿನ ಹಿಂದೆ ಇಲಿ ಕಡಿದ ಜಾಗ ಸಿಕ್ಕಿತು. ಕಬ್ಬಿನ ಗದ್ದೆಗಳ ನಡುವೆ ನಿಲ್ಲುವ ಕಾರಿಗೆ ಇದು ದೊಡ್ಡ ಅಚ್ಚರಿಯೇನಲ್ಲ. ಬರಿದಾದ ತಾಮ್ರ ಒಂದು ಕಬ್ಬಿಣದ ಪಟ್ಟಿಗೆ ತಾಗಿತ್ತು. ಮೊದಮೊದಲು ಅದುರಿದಾಗ ಮಾತ್ರ ತಾಗುತ್ತಿದ್ದುದರಿಂದ ದೀಪ ಹತ್ತಿ ಆರುತ್ತಿತ್ತು. ಒಳ್ಳೆಯ ಎರಡು ಸೆನ್ಸರುಗಳನ್ನು ಸೇವಾ ಕೇಂದ್ರದವರು ಬಿಸಾಡಿದ್ದರು. ಬೆಸುಗೆ, ಟೇಪು, ಒಂದು ಪ್ಲಾಸ್ಟಿಕ್ ಕೊಳವೆ, ಎರಡು ತಾಸಿನ ಕೆಲಸ. ಮಿಸ್ತ್ರಿ ತೆಗೆದುಕೊಂಡದ್ದು ನಾಲ್ಕು ನೂರು ರೂಪಾಯಿ, ಮೇಲೊಂದು ಕಪ್ಪು ಚಹಾ.

ಇದರಿಂದ ಸ್ಕ್ಯಾನರ್ ನಿಷ್ಪ್ರಯೋಜಕ ಎಂದು ಓದುಗರು ತಿಳಿಯಬಾರದು. ಮಿಸ್ತ್ರಿಯ ಮಗನ ಬಳಿ ಒಂದು ಸ್ಕ್ಯಾನರ್ ಇದೆ, ಅವರಿಬ್ಬರಿಗೂ ಅದು ಬೇಕೇ ಬೇಕು. ಸ್ಕ್ಯಾನರಿಗೂ ಮೊದಲು ದೀಪದ ಮಿಂಚನ್ನು ಎಣಿಸುವ ಪದ್ಧತಿಯಿತ್ತು. ಸುಜುಕಿ ವಿನ್ಯಾಸದ ಹಳೆಯ ಗಾಡಿಗಳಲ್ಲಿ ಎರಡು ತುದಿಗಳನ್ನು ಒಂದು ತಂತಿಯಿಂದ ಕೂಡಿಸಿದರೆ ಎಂಜಿನ್ ದೀಪ ಮಿಂಚುತ್ತದೆ. ಒಂದು ಮಿಂಚು, ಬಿಡುವು, ಎರಡು ಮಿಂಚು. ಅಂದರೆ 12, ಯಾವ ದೋಷವೂ ಇಲ್ಲ. ಒಂದೊಂದು ಕಂಪನಿಗೆ ಒಂದೊಂದು ಲಿಪಿ ಎಂಬ ಈ ಗೊಂದಲಕ್ಕೆ ಅಮೆರಿಕ 1996ರ ಮಾದರಿಯಿಂದ ಕೊನೆಹಾಡಿತು. ಎಲ್ಲ ಕಾರುಗಳಿಗೂ ಹದಿನಾರು ಪಿನ್ನಿನ ಒಂದೇ ನಮೂನೆಯ ಕಪ್ಲರ್, ಮುಖ್ಯ ದೋಷಗಳಿಗೆ ಒಂದೇ ಸಂಕೇತ. ಇದೇ ಒಬಿಡಿ. ಭಾರತದಲ್ಲಿ ಅದರ ಮೊದಲ ಹಂತ 2010ರಲ್ಲಿ, ಎರಡನೆಯದು 2013ರಲ್ಲಿ ಕಡ್ಡಾಯವಾಯಿತು. ಆದರೆ ಸಂಕೇತವೆಂಬುದು ರೋಗಿಯ ನರಳಾಟ, ರೋಗದ ಹೆಸರಲ್ಲ. ‘ಥ್ರಾಟಲ್ ಸೆನ್ಸರಿನ ವೋಲ್ಟೇಜು ಕಡಿಮೆ’ ಎಂದಷ್ಟೇ ಪೆಟ್ಟಿಗೆ ಹೇಳಬಲ್ಲದು. ಕಡಿಮೆಯಾದದ್ದು ಸೆನ್ಸರಿನಿಂದಲೋ, ವೈರಿನಿಂದಲೋ, ಇಲಿಯಿಂದಲೋ ಅದಕ್ಕೆ ತಿಳಿಯದು.

ಪೆಟ್ಟಿಗೆಯೇ ನಿಜವಾಗಿ ಕೆಡುವುದೂ ಉಂಟು. ಇಂಜೆಕ್ಟರನ್ನೋ ಕಾಯಿಲನ್ನೋ ನಡೆಸುವ ಟ್ರಾನ್ಸಿಸ್ಟರ್ ಸುಡುತ್ತದೆ. ಸುಟ್ಟ ಕಾಯಿಲನ್ನು ಬದಲಿಸದೆ ಹೊಸ ಪೆಟ್ಟಿಗೆ ಹಾಕಿದರೆ ಅದೂ ಸುಡುತ್ತದೆ, ಇಪ್ಪತ್ತೆಂಟು ಸಾವಿರ ಎರಡು ಸಲ. ಹಳೆಯ ಪೆಟ್ಟಿಗೆಗಳಲ್ಲಿ ಕೆಪಾಸಿಟರ್ ಸೋರಿ ಫಲಕದ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ವರ್ಷಗಟ್ಟಲೆ ಕಾದು ತಣಿದು ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಅಂಥ ಗಾಡಿ ತಣ್ಣಗಿರುವಾಗ ಚೆನ್ನಾಗಿದ್ದು ಕಾದಾಗ ನಿಲ್ಲುತ್ತದೆ. ಇವುಗಳ ರಿಪೇರಿ ಸಣ್ಣ ಊರಿನಲ್ಲಿ ಕಷ್ಟ. ಬೆಂಗಳೂರಿನಲ್ಲಿ ಮೋಟಾರು ಸಾಮಾನಿನ ಜೆ.ಸಿ. ರಸ್ತೆಯೂ ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರಸ್ತೆಯೂ ಒಂದಕ್ಕೊಂದು ಹತ್ತಿರವಿರುವುದು ಈ ಕಸುಬಿಗೆ ಅನುಕೂಲವಾಯಿತು. ನಾನು ಕಂಡ ಪೆಟ್ಟಿಗೆ ರಿಪೇರಿಯವರಲ್ಲಿ ಹಲವರು ಹಿಂದೆ ಟೀವಿ ರಿಪೇರಿ ಮಾಡುತ್ತಿದ್ದವರು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೀವಿ ಬಂದಾಗ ಕಲಿತ ಬೆಸುಗೆಯ ಕೈ, ಟೀವಿ ರಿಪೇರಿ ಮಾಡಿಸುವವರೇ ಇಲ್ಲವಾದಾಗ ಕಾರಿನ ಪೆಟ್ಟಿಗೆಗೆ ತಿರುಗಿತು.

ಈ ಸೀಮೆಯವರಿಗೆ ಪೆಟ್ಟಿಗೆಯ ದೊಡ್ಡ ಶತ್ರು ನೀರು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಟ್ಟಿಗೆ ಏರಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನದಿದಂಡೆಯ ಊರುಗಳು ಮುಳುಗಿದವು. ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೂ ದಿನಗಟ್ಟಲೆ ನಿಂತುಹೋಯಿತು. ಜನರು ದನಕರು, ಕಾಳುಕಡಿ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಗಾಡಿಗಳನ್ನು ಇದ್ದಲ್ಲೇ ಬಿಟ್ಟರು. ನೀರಿಳಿದ ಮೇಲೆ ಬಹಳ ಜನ ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು: ಹತ್ತುತ್ತದೆಯೇ ನೋಡೋಣ ಎಂದು ಕೀಲಿ ತಿರುಗಿಸಿದರು. ಒಳಗೆ ಕೆಸರುನೀರು ನಿಂತಿರುವಾಗ ವಿದ್ಯುತ್ತು ಹರಿದರೆ ಹತ್ತು ದಿನಗಳಲ್ಲಿ ಆಗುವ ಸವಕಳಿ ಹತ್ತು ನಿಮಿಷದಲ್ಲಿ ಆಗುತ್ತದೆ. ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ಬಿಟ್ಟರೆ ಹಸಿರು ಕಿಲುಬು ಏಳುವುದನ್ನು ನಮ್ಮ ತಾಯಂದಿರು ಬಲ್ಲರು. ಪೆಟ್ಟಿಗೆಯ ಫಲಕದಲ್ಲೂ ಏಳುವುದು ಅಂಥದೇ ಕಿಲುಬು. ಕೂದಲಿಗಿಂತ ಸಣ್ಣ ಗೆರೆಯ ಮೇಲೆ ಎದ್ದರೆ ಗೆರೆಯೇ ಉಳಿಯುವುದಿಲ್ಲ.

ಮಿಸ್ತ್ರಿ ಆ ತಿಂಗಳಲ್ಲಿ ಮಾಡಿದ್ದು ಹೀಗೆ. ಮೊದಲು ಬ್ಯಾಟರಿ ಬಿಚ್ಚುವುದು. ಪೆಟ್ಟಿಗೆ ಬಿಚ್ಚಿ ಶುದ್ಧ ನೀರಿನಲ್ಲಿ ಕೆಸರು ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜುವುದು. ಬಿಸಿಲು ಇರಲಿಲ್ಲ, ದೀಪದ ಬಲ್ಬಿನ ಕಾವಿನಲ್ಲಿ ಎರಡು ದಿನ ಒಣಗಿಸುವುದು. ಕಪ್ಲರಿನ ಪ್ರತಿ ಪಿನ್ನನ್ನೂ ನೋಡುವುದು. ಕೆಲವು ಪೆಟ್ಟಿಗೆಗಳು ಬದುಕಿದವು, ಕೆಲವು ಬದುಕಲಿಲ್ಲ. ಕೀಲಿ ತಿರುಗಿಸಿದ್ದವರ ಪೆಟ್ಟಿಗೆಗಳಲ್ಲಿ ಸತ್ತವೇ ಹೆಚ್ಚು ಎಂದು ಅವರ ನೆನಪು. ನೀರು ಹೊಕ್ಕಿದೆ ಎಂದು ಗೊತ್ತಿದ್ದೂ ಎಂಜಿನ್ ಚಾಲೂ ಮಾಡಿದರೆ ವಿಮೆಯವರೂ ತಕರಾರು ತೆಗೆಯುವುದುಂಟು.

ಸತ್ತ ಪೆಟ್ಟಿಗೆಗಳ ಮಾಲೀಕರಿಗೆ ಆಗ ಇನ್ನೊಂದು ಗೋಡೆ ಎದುರಾಯಿತು. ಗುಜರಿಯಲ್ಲಿ ಅದೇ ಮಾದರಿಯ ಹಳೆಯ ಪೆಟ್ಟಿಗೆ ಸಿಕ್ಕೀತು, ಆದರೆ ಹಾಕಿದರೆ ಗಾಡಿ ಹತ್ತದು. ಕಳ್ಳತನ ತಡೆಯಲೆಂದು ಕೀಲಿಯ ಗುಪ್ತಸಂಖ್ಯೆಯನ್ನು ಪೆಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ. ಹೊಸ ಪೆಟ್ಟಿಗೆಗೆ ಹಳೆಯ ಕೀಲಿಯ ಪರಿಚಯ ಮಾಡಿಸುವ ತಂತ್ರಾಂಶ ಕಂಪನಿಯ ಕೈಯಲ್ಲಿದೆ. ಕಳ್ಳನನ್ನು ತಡೆಯುವ ಬೀಗವೇ ಮಿಸ್ತ್ರಿಯನ್ನೂ ತಡೆಯುತ್ತದೆ. ಬೀಗ ಬೇಡವೆನ್ನುವಂತಿಲ್ಲ, ಅದರ ಕೀಲಿಕೈ ಯಾರ ಬಳಿ ಇರಬೇಕು ಎಂಬುದೇ ಜಗಳ.

ಈ ಜಗಳ ಭಾರತದಲ್ಲಿ ತೀರ್ಪಿನವರೆಗೂ ಹೋಯಿತು. 2011ರಲ್ಲಿ ಒಬ್ಬ ಗ್ರಾಹಕರು ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಕಾರು ಕಂಪನಿಗಳು ಬಿಡಿಭಾಗಗಳನ್ನೂ ಪರೀಕ್ಷಾ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಎಂದು. ಮೂರು ಕಂಪನಿಗಳ ಮೇಲಿನ ದೂರು ತನಿಖೆಯಲ್ಲಿ ಬೆಳೆದು, 2014ರ ಆಗಸ್ಟ್ 25ರಂದು ಆಯೋಗ ಹದಿನಾಲ್ಕು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತಿಯಿಲ್ಲದವರ ಕೈಗೆ ಕೊಟ್ಟರೆ ಜನರ ಸುರಕ್ಷತೆಗೆ ಅಪಾಯ ಎಂಬ ಕಂಪನಿಗಳ ವಾದವನ್ನು ಆಯೋಗ ಒಪ್ಪಲಿಲ್ಲ. ಮೇಲ್ಮನವಿಗಳಲ್ಲಿ ಪ್ರಕರಣ ವರ್ಷಗಟ್ಟಲೆ ಸುತ್ತಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ನೇಮಿಸಿ, ಆ ವರ್ಷದ ಕೊನೆಗೆ ಅದಕ್ಕಾಗಿ ಒಂದು ಜಾಲತಾಣ ತೆರೆಯಿತು. ವಾಹನ, ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳು ಅದರ ವ್ಯಾಪ್ತಿಯಲ್ಲಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಜನಮತದ ಮೂಲಕ ಇಂಥ ಹಕ್ಕಿಗೆ ಕಾನೂನಿನ ಬಲ ಕೊಟ್ಟಿತ್ತು.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಸಾದಾ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಹೋದಲ್ಲೆಲ್ಲ ಚುಚ್ಚಿ, ಒಳ್ಳೆಯ ಪೆಟ್ಟಿಗೆಯ ಟ್ರಾನ್ಸಿಸ್ಟರನ್ನು ಸುಟ್ಟ ಮಿಸ್ತ್ರಿಗಳನ್ನೂ ಕಂಡಿದ್ದೇನೆ. ಬ್ಯಾಟರಿ ಬಿಚ್ಚದೆ ಬಾಡಿಗೆ ವೆಲ್ಡಿಂಗ್ ಹೊಡೆದವರೂ ಇದ್ದಾರೆ. ಆದರೆ ಸ್ಕ್ಯಾನರ್ ಹಿಡಿದು ಬಂದ ಹುಡುಗನೂ ತರಬೇತಿ ಪಡೆದವನೇ. ಅವನಿಗೆ ಕಲಿಸಿದ್ದು ಬದಲಿಸುವುದನ್ನು, ಹುಡುಕುವುದನ್ನಲ್ಲ. ಹುಡುಕಲು ಬೇಕಾದ ವೈರಿಂಗ್ ನಕ್ಷೆ ಕರೋಶಿಯ ಮಿಸ್ತ್ರಿಗೆ ಸಿಗುವುದು ಕಷ್ಟ, ಸಿಕ್ಕರೂ ಅದು ಇಂಗ್ಲಿಷಿನಲ್ಲಿ. ಅವರು ತಮ್ಮ ನಕ್ಷೆಗಳನ್ನು ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಕೈಯಿಂದ ಬರೆದುಕೊಂಡಿದ್ದಾರೆ: ಗಾಡಿಯ ಹೆಸರು, ಪಿನ್ನಿನ ಸಂಖ್ಯೆ, ವೈರಿನ ಬಣ್ಣ, ಎಷ್ಟು ವೋಲ್ಟು. ಕನ್ನಡ, ಮರಾಠಿ ಎರಡೂ ಬೆರೆತ ಬರಹ. ಅಂಥ ಪೆಟ್ಟಿಗೆಗಳಿಗೆ ತಂತ್ರಾಂಶ ಬರೆಯುವ ಸಾವಿರಾರು ಎಂಜಿನಿಯರುಗಳು ಇದೇ ರಾಜ್ಯದ ಬೆಂಗಳೂರಿನಲ್ಲಿ, ಬಾಷ್‌ನ ಕೋರಮಂಗಲದ ಕಚೇರಿಯೂ ಸೇರಿದಂತೆ ಹಲವು ಕಡೆ ಕೂತಿದ್ದಾರೆ. ಅವರಿಗೂ ಆ ನೋಟುಪುಸ್ತಕಕ್ಕೂ ನಡುವೆ ರಸ್ತೆಯೊಂದು ಇನ್ನೂ ಆಗಿಲ್ಲ.

ಕಾರುಗಳದಾಯಿತು, ಹಳ್ಳಿಗೆ ಹತ್ತಿರದ ಸಂಗತಿ ಮೋಟಾರ್ ಸೈಕಲ್ಲಿನದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿಯೂ ಬಹುತೇಕ ಕಾರ್ಬೊರೇಟರ್ ಮಾಯವಾಗಿ ಇಂಜೆಕ್ಟರು, ಪೆಟ್ಟಿಗೆ, ಹಳದಿ ದೀಪ ಬಂದಿವೆ. ಟ್ರ್ಯಾಕ್ಟರುಗಳಲ್ಲಿ 50 ಅಶ್ವಶಕ್ತಿಗಿಂತ ಮೇಲಿನವುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಅನ್ವಯವಾದದ್ದರಿಂದ ಅವುಗಳೊಳಗೂ ಪೆಟ್ಟಿಗೆ ಹೊಕ್ಕಿದೆ. ಅದಕ್ಕಿಂತ ಚಿಕ್ಕವುಗಳ ಪಂಪು ಹೆಚ್ಚಾಗಿ ಹಳೆಯ ಮಾದರಿಯದೇ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಎರಡು ವಾರ ನಿಂತರೆ ಅದರ ಲೆಕ್ಕ ನನ್ನ ಕಾರಿನ ಲೆಕ್ಕದಂತಲ್ಲ. ಕಡಿದ ಕಬ್ಬು ದಿನದಿನಕ್ಕೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸರದಿ ತಪ್ಪಿದರೆ ಕಾರ್ಖಾನೆಯವರು ಕಾಯುವುದಿಲ್ಲ.

ಹೋದ ಸಲ ಕರೋಶಿಗೆ ಹೋದಾಗ ಮಿಸ್ತ್ರಿಯ ಗ್ಯಾರೇಜಿನ ಮುಂದೆ ಅಂಥದೊಂದು ದೊಡ್ಡ ಟ್ರ್ಯಾಕ್ಟರ್ ನಿಂತಿತ್ತು. ಮಗ ಸ್ಕ್ಯಾನರ್ ಹಚ್ಚಿ ಸಂಕೇತ ಓದುತ್ತಿದ್ದ, ಅಪ್ಪ ನೋಟುಪುಸ್ತಕದ ಹೊಸ ಪುಟ ತೆರೆದು ವೈರಿನ ಬಣ್ಣ ಬರೆದುಕೊಳ್ಳುತ್ತಿದ್ದರು. ಟ್ರ್ಯಾಕ್ಟರಿನ ಧಣಿ ಗಾಬರಿಯಿಂದ ಕೇಳುತ್ತಿದ್ದ, ‘ಪೆಟಗಿ ಹೋಗೇತೇನ್ರಿ ಕಾಕಾ?’

‘ತಡಿಯೋ ತಮ್ಮಾ. ಮೊದಲ ಬ್ಯಾಟರಿ ನೋಡೂಣು’ ಎಂದರು ಅವರು.